ಏಳು ತಾಲ್ಲೂಕಿನ ಜಾಗದಲ್ಲಿ ಹನ್ನೊಂದು: ಮೆಮರಿ ದೋಷ ಹಿಡಿಯಲು ಬಿಲ್ಡ್ ಹೊಂದಿಸುವ ಬಗೆ

ಯಾದಗಿರಿ ಪ್ರತ್ಯೇಕ ಜಿಲ್ಲೆಯಾದ ಮೇಲೆ ಕಲಬುರಗಿ ಜಿಲ್ಲೆಗೆ ಏಳು ತಾಲ್ಲೂಕುಗಳು ಉಳಿದವು: ಕಲಬುರಗಿ, ಆಳಂದ, ಅಫಜಲಪುರ, ಚಿಂಚೋಳಿ, ಚಿತ್ತಾಪುರ, ಜೇವರ್ಗಿ, ಸೇಡಂ. 2017-18ರ ರಾಜ್ಯ ಬಜೆಟ್‌ನಲ್ಲಿ ಹೊಸ ತಾಲ್ಲೂಕುಗಳ ಘೋಷಣೆಯಾಯಿತು. ಕಮಲಾಪುರ, ಕಾಳಗಿ, ಶಹಾಬಾದ್, ಯಡ್ರಾಮಿ ಸೇರಿಕೊಂಡು ಲೆಕ್ಕ ಹನ್ನೊಂದಕ್ಕೆ ಏರಿತು. ಫಲಕಗಳು ಬದಲಾದವು, ನಕಾಶೆಗಳು ಬದಲಾದವು. ಹಳೆಯ ಸಿ ಪ್ರೋಗ್ರಾಂಗಳು ಮಾತ್ರ ತಾವಾಗಿ ಬದಲಾಗುವುದಿಲ್ಲ.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಇಲ್ಲಿನ ಎಂಜಿನಿಯರಿಂಗ್ ಕಾಲೇಜೊಂದರ ವಿದ್ಯಾರ್ಥಿಯ ಕೈಗೆ ಸೀನಿಯರ್ ಬರೆದಿಟ್ಟ ಪ್ರಾಜೆಕ್ಟ್ ಬಂದಿದೆ. ಗಂಜ್‌ಗೆ, ಎಂದರೆ ಕೃಷಿ ಮಾರುಕಟ್ಟೆಗೆ, ಬಂದ ತೊಗರಿಯ ಆವಕವನ್ನು ತಾಲ್ಲೂಕುವಾರು ಕ್ವಿಂಟಲ್‌ಗಳಲ್ಲಿ ಓದಿ ಮೊತ್ತ ಹಾಕುವ ಸಣ್ಣ ಸಿ ಪ್ರೋಗ್ರಾಂ ಅದು. ಮೊದಲು ಮೆಮರಿ ಕೇಳಿ ಪಡೆಯುವ ಮಾಲಾಕ್ ಫಂಕ್ಷನ್ ಕರೆದು ಏಳು ಪೂರ್ಣಾಂಕಗಳಿಗೆ, ಎಂದರೆ 28 ಬೈಟ್‌ಗಳಿಗೆ, ಜಾಗ ಪಡೆಯುತ್ತದೆ. ಅನಂತರ ಫೈಲ್ ತೆರೆದು ಸಾಲು ಸಾಲಾಗಿ ಓದಿ ಆ ಜಾಗವನ್ನು ತುಂಬುತ್ತದೆ. ಕೊನೆಗೆ ಫೈಲ್ ಮುಚ್ಚುತ್ತದೆ. ಫೈಲ್‌ನಲ್ಲಿ ಈಗ ಹನ್ನೊಂದು ಸಾಲುಗಳಿವೆ.

ಎಂಟನೆಯ ಸಾಲಿಗೇ ಪ್ರೋಗ್ರಾಂ ಬೀಳಬೇಕು ಎಂದು ಅನ್ನಿಸುತ್ತದೆ. ಬೀಳುವುದಿಲ್ಲ. 64 ಬಿಟ್ ಲಿನಕ್ಸ್‌ನ ಜಿಲಿಬ್‌ಸಿ ಲೈಬ್ರರಿ ಮೆಮರಿಯನ್ನು 16 ಬೈಟ್‌ಗಳ ಗುಣಕದಲ್ಲಿ ಹಂಚುತ್ತದೆ. 28 ಬೈಟ್ ಕೇಳಿದರೆ ತನ್ನ ಲೆಕ್ಕಪತ್ರದ 8 ಬೈಟ್ ಸೇರಿಸಿ, 48ಕ್ಕೆ ಏರಿಸಿ, ಬಳಸಲು 40 ಬೈಟ್ ಬಿಟ್ಟುಕೊಡುತ್ತದೆ. 40 ಬೈಟ್ ಎಂದರೆ ಹತ್ತು ಪೂರ್ಣಾಂಕಗಳು. ಆದ್ದರಿಂದ ಕಮಲಾಪುರ, ಕಾಳಗಿ, ಶಹಾಬಾದ್ ಮೂರೂ ಸದ್ದಿಲ್ಲದೆ ಒಳಗೆ ಕೂರುತ್ತವೆ. ಹನ್ನೊಂದನೆಯದಾದ ಯಡ್ರಾಮಿ ಮಾತ್ರ ಪಕ್ಕದ ತುಂಡಿನ ಗಾತ್ರವನ್ನು ಬರೆದಿಟ್ಟ ಜಾಗದ ಮೇಲೆ ಬೀಳುತ್ತದೆ. ಪಕ್ಕದ ತುಂಡು ಸಾಮಾನ್ಯವಾಗಿ ಆಗಷ್ಟೇ ತೆರೆದ ಫೈಲ್‌ನದೇ ಆಗಿರುತ್ತದೆ.

ಆಗಲೂ ಏನೂ ಆಗುವುದಿಲ್ಲ. ಮೊತ್ತ ಸರಿಯಾಗಿ ಅಚ್ಚಾಗುತ್ತದೆ. ಫೈಲ್ ಮುಚ್ಚುವ ಸಾಲಿಗೆ ಬಂದಾಗ ಲೈಬ್ರರಿ ಆ ತುಂಡನ್ನು ಹಿಂದಿರುಗಿಸಲು ಹೋಗಿ, ಗಾತ್ರದ ಜಾಗದಲ್ಲಿ ಯಡ್ರಾಮಿಯ ಕ್ವಿಂಟಲ್ ಕಂಡು, ಪ್ರೋಗ್ರಾಂ ಅನ್ನು ನಿಲ್ಲಿಸಿಬಿಡುತ್ತದೆ. ಯಾವ ದೂರು ತೆರೆಯ ಮೇಲೆ ಬರುತ್ತದೆ ಎಂಬುದು ಆ ವರ್ಷ ಅಲ್ಲಿಂದ ಎಷ್ಟು ತೊಗರಿ ಬಂತು ಎಂಬುದರ ಮೇಲೆ ನಿಂತಿದೆ: ಒಂದು ಸಂಖ್ಯೆಗೆ ‘ಅಮಾನ್ಯ ಗಾತ್ರ’, ಇನ್ನೊಂದಕ್ಕೆ ‘ಅಮಾನ್ಯ ಪಾಯಿಂಟರ್’ (ಪಾಯಿಂಟರ್ ಎಂದರೆ ಮೆಮರಿಯ ವಿಳಾಸ), ಮತ್ತೊಂದಕ್ಕೆ ಮೌನ. ವಿದ್ಯಾರ್ಥಿ ಫೈಲ್ ಮುಚ್ಚುವ ಸಾಲನ್ನು ಅಳಿಸುತ್ತಾನೆ, ಪ್ರೋಗ್ರಾಂ ಓಡುತ್ತದೆ, ಪ್ರಾಜೆಕ್ಟ್ ಸಲ್ಲಿಕೆಯಾಗುತ್ತದೆ.

ಮೆಮರಿ ದೋಷಗಳ ಕಷ್ಟವೆಲ್ಲ ಇಷ್ಟೇ: ತಪ್ಪು ನಡೆದ ಜಾಗ ಒಂದು, ಪ್ರೋಗ್ರಾಂ ಬಿದ್ದ ಜಾಗ ಇನ್ನೊಂದು. ನಡುವಿನ ದೂರ ಒಮ್ಮೆ ಮೂರು ಸಾಲು, ಒಮ್ಮೆ ಮೂರು ದಿನ. ಬಿಲ್ಡ್ ಮಾಡುವಾಗ, ಎಂದರೆ ಮೂಲ ಕೋಡ್‌ನಿಂದ ಓಡುವ ಪ್ರೋಗ್ರಾಂ ಕಟ್ಟುವಾಗ, ಕಂಪೈಲರ್‌ಗೆ ಕೊಡುವ ಆಯ್ಕೆಗಳ ಕೆಲಸ ಈ ದೂರವನ್ನು ಕುಗ್ಗಿಸುವುದು. ಯಾವ ಆಯ್ಕೆ ಬೇಕು, ಯಾವುದು ಬೇಡ ಎಂಬುದನ್ನು ಈ ಒಂದು ಅಳತೆಯಿಂದಲೇ ತೂಗಬಹುದು. (ಮುಂದೆ ಆಯ್ಕೆಗಳ ಹೆಸರುಗಳನ್ನು ಕನ್ನಡ ಅಕ್ಷರಗಳಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷಿನಲ್ಲೇ ಒತ್ತಬೇಕು, ಕಂಪೈಲರ್‌ಗೆ ಇನ್ನೂ ಕನ್ನಡ ಬಾರದು.)

ಮೊದಲನೆಯದು -ಜಿ. ಇದು ಯಂತ್ರಭಾಷೆಯ ಯಾವ ಆದೇಶ ಮೂಲ ಕೋಡ್‌ನ ಯಾವ ಫೈಲ್‌ನ ಎಷ್ಟನೆಯ ಸಾಲಿನಿಂದ ಬಂತು ಎಂಬ ಪಟ್ಟಿಯನ್ನು ಪ್ರೋಗ್ರಾಂ ಜೊತೆ ಸೇರಿಸುತ್ತದೆ. ಲಿನಕ್ಸ್‌ನಲ್ಲಿ ಈ ಪಟ್ಟಿಯ ರೂಪಕ್ಕೆ ಡ್ವಾರ್ಫ್ ಎಂದು ಹೆಸರು. ಫೈಲ್ ದಪ್ಪವಾಗುತ್ತದೆ, ಓಟದ ವೇಗ ಕುಗ್ಗುವುದಿಲ್ಲ. ಇದಿಲ್ಲದಿದ್ದರೆ ವರದಿಯಲ್ಲಿ ಸಾಲಿನ ಸಂಖ್ಯೆಯ ಬದಲು ಹದಿನಾರರ ಎಣಿಕೆಯ ವಿಳಾಸಗಳು ಸುರಿಯುತ್ತವೆ. -ಜಿ ಕೊಡದೆ ಮೆಮರಿ ದೋಷ ಹುಡುಕಲು ಕೂರುವವರನ್ನು ಕಂಡರೆ ನನಗೆ ಅಚ್ಚರಿ. ಖರ್ಚಿಲ್ಲದ ಉಪಕಾರವನ್ನು ಯಾರಾದರೂ ಬೇಡವೆನ್ನುತ್ತಾರೆಯೇ?

ಎರಡನೆಯದು ಆಪ್ಟಿಮೈಸೇಶನ್, ಎಂದರೆ -ಓ ಮತ್ತು ಅದರ ಪಕ್ಕದ ಅಂಕಿ. -ಓ0 ಎಂದರೆ ಕೋಡ್ ಬರೆದಂತೆಯೇ ಉಳಿಯುತ್ತದೆ. -ಓ2 ಎಂದರೆ ಕಂಪೈಲರ್ ಸಾಲುಗಳನ್ನು ಹಿಂದೆ ಮುಂದೆ ಮಾಡುತ್ತದೆ, ಸಣ್ಣ ಫಂಕ್ಷನ್‌ಗಳನ್ನು ಕರೆದವರ ಒಳಗೇ ಕರಗಿಸುತ್ತದೆ, ಬೇಡವೆಂದು ಕಂಡ ಓದು ಬರಹಗಳನ್ನು ಕಿತ್ತೆಸೆಯುತ್ತದೆ. ‘ಡೀಬಗ್ ಬಿಲ್ಡ್‌ನಲ್ಲಿ ಓಡುತ್ತದೆ, ರಿಲೀಸ್ ಬಿಲ್ಡ್‌ನಲ್ಲಿ ಬೀಳುತ್ತದೆ’ ಎಂಬ ದೂರು ಇಲ್ಲಿಂದ ಹುಟ್ಟುತ್ತದೆ. ಇದನ್ನು ಕೇಳಿದ ಕೂಡಲೇ ಕಂಪೈಲರ್ ಮೇಲೆ ಗೂಬೆ ಕೂರಿಸುವವರು ಬಹಳ. ಹೆಚ್ಚಿನ ಸಲ ತಪ್ಪು ಕೋಡ್‌ನದೇ: ಮೆಮರಿಯಲ್ಲಿ ಯಾವುದರ ಪಕ್ಕ ಯಾವುದು ಎಂಬ ಜೋಡಣೆ ಬದಲಾದಾಗ, ಮೊದಲು ಖಾಲಿ ಜಾಗಕ್ಕೆ ಬೀಳುತ್ತಿದ್ದ ಬರಹ ಈಗ ಬೇಕಾದ ಜಾಗಕ್ಕೆ ಬೀಳುತ್ತದೆ. ಹುಡುಕಾಟದ ಬಿಲ್ಡ್‌ಗೆ -ಓ1 ಒಳ್ಳೆಯ ಮಧ್ಯಮ ಮಾರ್ಗ. ವರದಿಗಳು ಓದುವಂತಿರುತ್ತವೆ, ಪ್ರೋಗ್ರಾಂ ತೀರ ತೆವಳುವುದಿಲ್ಲ.

ಇದರ ಜೊತೆಗೆ -ಎಫ್‌ನೋ-ಒಮಿಟ್-ಫ್ರೇಮ್-ಪಾಯಿಂಟರ್ ಎಂಬ ಉದ್ದ ಹೆಸರಿನದನ್ನೂ ಸೇರಿಸುವುದು ರೂಢಿ. ಯಾವ ಫಂಕ್ಷನ್ ಯಾವುದನ್ನು ಕರೆದು ಇಲ್ಲಿಗೆ ಬಂದೆವು ಎಂಬ ಸರಪಳಿಯನ್ನು ವೇಗವಾಗಿ ಹಿಂಬಾಲಿಸಲು ಒಂದು ರಿಜಿಸ್ಟರ್ ಮೀಸಲಿಡುವ ಆಯ್ಕೆ ಇದು. ಆಪ್ಟಿಮೈಸೇಶನ್ ಇದ್ದಾಗ ಕಂಪೈಲರ್ ಆ ರಿಜಿಸ್ಟರ್ ಅನ್ನು ಬೇರೆ ಕೆಲಸಕ್ಕೆ ಎತ್ತಿಕೊಳ್ಳುತ್ತದೆ. ಆಗ ಸರಪಳಿಯ ಕೊಂಡಿಗಳು ಕಾಣೆಯಾಗುತ್ತವೆ.

ಇವು ಮೂರೂ ದೋಷವನ್ನು ಹಿಡಿಯುವುದಿಲ್ಲ, ಹಿಡಿದಾಗ ಓದಲು ಬರುವಂತೆ ಮಾಡುತ್ತವೆ. ಹಿಡಿಯುವ ಆಯ್ಕೆ -ಎಫ್‌ಸ್ಯಾನಿಟೈಸ್=ಅಡ್ರೆಸ್. ಅಡ್ರೆಸ್‌ಸ್ಯಾನಿಟೈಸರ್, ಬಳಕೆಯಲ್ಲಿ ಎಸ್ಯಾನ್, ಗೂಗಲ್‌ನ ಎಂಜಿನಿಯರುಗಳು ಕಟ್ಟಿದ್ದು. 2012ರಲ್ಲಿ ಅದರ ಪ್ರಬಂಧ ಪ್ರಕಟವಾಯಿತು. ಅದೇ ವರ್ಷ ಕ್ಲ್ಯಾಂಗ್ ಕಂಪೈಲರ್‌ನ 3.1ರಲ್ಲಿ, ಮರುವರ್ಷ ಜಿಸಿಸಿ ಕಂಪೈಲರ್‌ನ 4.8ರಲ್ಲಿ ಸೇರಿತು. ಇಂದು ಉಬುಂಟು ಲಿನಕ್ಸ್ ಹಾಕಿದ ಯಾವುದೇ ಲ್ಯಾಪ್‌ಟಾಪ್‌ನಲ್ಲಿ ಜಿಸಿಸಿ ಇದ್ದರೆ ಸಾಕು, ಬೇರೇನೂ ಕೊಳ್ಳಬೇಕಿಲ್ಲ.

ಅದು ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದುಕೊಂಡರೆ ಮುಂದಿನ ಎಲ್ಲ ಆಯ್ಕೆಗಳೂ ತಾವಾಗಿ ಬಿಡಿಸಿಕೊಳ್ಳುತ್ತವೆ. ಪ್ರೋಗ್ರಾಂ ಬಳಸುವ ಪ್ರತಿ 8 ಬೈಟ್ ಮೆಮರಿಗೆ 1 ಬೈಟ್ ನೆರಳು ಮೆಮರಿ ಇರುತ್ತದೆ. ಆ ನೆರಳಿನಲ್ಲಿ 0 ಎಂದಿದ್ದರೆ ಎಂಟೂ ಬೈಟ್‌ಗಳನ್ನು ಮುಟ್ಟಬಹುದು. 1ರಿಂದ 7ರ ಒಳಗಿನ ಅಂಕಿ ಇದ್ದರೆ ಮೊದಲ ಅಷ್ಟು ಬೈಟ್‌ಗಳನ್ನು ಮಾತ್ರ. ಅದಕ್ಕೂ ಮೀರಿದ ವಿಶೇಷ ಗುರುತುಗಳಿದ್ದರೆ ಮುಟ್ಟುವಂತಿಲ್ಲ. ನಮ್ಮ 28 ಬೈಟ್‌ಗೆ ನೆರಳು 0, 0, 0, 4 ಎಂದಾಗುತ್ತದೆ. ಕಂಪೈಲರ್ ಪ್ರತಿಯೊಂದು ಓದು ಬರಹದ ಮುಂದೆ ‘ನೆರಳನ್ನು ನೋಡು’ ಎಂಬ ಪುಟ್ಟ ತಪಾಸಣೆ ಹೆಣೆದಿರುತ್ತದೆ. ಜೊತೆಗೆ ಮಾಲಾಕ್‌ನ ಜಾಗದಲ್ಲಿ ತನ್ನದೇ ಮಾಲಾಕ್ ತಂದು, ಪ್ರತಿ ತುಂಡಿನ ಆಚೀಚೆ ಯಾರೂ ಕಾಲಿಡಬಾರದ ಪಟ್ಟಿಯೊಂದನ್ನು ಬಿಡುತ್ತದೆ. ಎರಡು ತೊಗರಿ ಹೊಲಗಳ ನಡುವೆ ಬದು ಹಾಕಿ ಅಲ್ಲಿ ಕಾವಲುಗಾರನನ್ನು ನಿಲ್ಲಿಸಿದಂತೆ: ಪಕ್ಕದ ಹೊಲಕ್ಕೆ ನುಗ್ಗಬೇಕಾದರೆ ಬದುವಿನ ಮೇಲೆ ಕಾಲಿಡಲೇಬೇಕು, ಇಟ್ಟ ಕೂಡಲೇ ಕೂಗು ಏಳುತ್ತದೆ.

ಇದರಿಂದ ನಮ್ಮ ಪ್ರೋಗ್ರಾಂ ಯಡ್ರಾಮಿಯವರೆಗೆ ಹೋಗುವುದೇ ಇಲ್ಲ. ಕಮಲಾಪುರದ ಅಂಕಿ ಬರೆಯುವ ಸಾಲಿನಲ್ಲೇ, 29ನೆಯ ಬೈಟ್‌ನ ಹೊಸ್ತಿಲಲ್ಲೇ, ನಿಲ್ಲುತ್ತದೆ. ವರದಿಯಲ್ಲಿ ಹೀಪ್-ಬಫರ್-ಓವರ್‌ಫ್ಲೋ ಎಂಬ ಹೆಸರು (ಮಾಲಾಕ್‌ನಿಂದ ಪಡೆದ ಜಾಗದ ಗಡಿ ದಾಟಿದ್ದು ಎಂದರ್ಥ), 4 ಬೈಟ್ ಬರೆಯಲು ಹೋದ ಸಾಲಿನ ಸಂಖ್ಯೆ, ಆ ಜಾಗ 28 ಬೈಟ್‌ಗಳ ತುಂಡಿನ ತುದಿಗೆ ಅಂಟಿಕೊಂಡಿದೆ ಎಂಬ ಮಾತು, ಆ ತುಂಡನ್ನು ಕೇಳಿ ಪಡೆದ ಸಾಲು, ಎಲ್ಲವೂ ಇರುತ್ತವೆ. ಹೊಸಬರು ವರದಿಯ ಮೇಲಿನ ಸಾಲುಗಳನ್ನು ಮಾತ್ರ ಓದಿ ಬಿಡುತ್ತಾರೆ. ‘ಇಲ್ಲಿ ಪಡೆಯಲಾಯಿತು’ ಎಂಬ ಕೆಳಗಿನ ಸರಪಳಿಯನ್ನೂ ಓದಬೇಕು. ನಮ್ಮ ಉದಾಹರಣೆಯಲ್ಲಿ ತಿದ್ದಬೇಕಾದ ಏಳು ಎಂಬ ಅಂಕಿ ಇರುವುದು ಅಲ್ಲೇ.

ಹಿಂದಿರುಗಿಸಿದ ಮೆಮರಿಯನ್ನು ಮತ್ತೆ ಮುಟ್ಟುವ ದೋಷಕ್ಕೆ ಎಸ್ಯಾನ್ ಬಳಿ ಬೇರೆ ಉಪಾಯವಿದೆ. ಮೆಮರಿ ಹಿಂದಿರುಗಿಸುವ ಫ್ರೀ ಫಂಕ್ಷನ್ ಕರೆದಾಗ ತುಂಡನ್ನು ಕೂಡಲೇ ಮರುಬಳಕೆಗೆ ಬಿಡದೆ, ಸುಮಾರು 256 ಎಂಬಿಯವರೆಗೆ ಒಂದು ಸರದಿಯಲ್ಲಿ ಕೊಳೆಹಾಕಿ, ನೆರಳಿನಲ್ಲಿ ನಿಷೇಧದ ಗುರುತು ಒತ್ತಿಡುತ್ತದೆ. ಸಾಮಾನ್ಯ ಬಿಲ್ಡ್‌ನಲ್ಲಿ ಆ ಜಾಗ ಮರುಕ್ಷಣವೇ ಇನ್ನೊಬ್ಬರ ಪಾಲಾಗಿ, ಹಳೆಯ ಪಾಯಿಂಟರ್ ಹೊಸ ಒಡೆಯನ ಮಾಹಿತಿಯನ್ನು ತನ್ನದೆಂದು ಓದುತ್ತಿತ್ತು. ಬೆಲೆಯೂ ಇದೆ. ಮೂಲ ಪ್ರಬಂಧದ ಪ್ರಕಾರ ಸರಾಸರಿ 73 ಪ್ರತಿಶತ ನಿಧಾನ, ಮಾಡಿ ನೋಡಿದರೆ ಎರಡು ಪಟ್ಟು ಎಂದುಕೊಳ್ಳಬಹುದು. ಮೆಮರಿಯೂ ಹೆಚ್ಚು ಬೇಕು. 4 ಜಿಬಿಯ ಲ್ಯಾಬ್ ಕಂಪ್ಯೂಟರ್‌ನಲ್ಲಿ ದೊಡ್ಡ ಪ್ರೋಗ್ರಾಂ ಓಡಿಸುವವರು ಆ ಸರದಿಯ ಗಾತ್ರವನ್ನು ಎಸ್ಯಾನ್_ಆಪ್ಷನ್ಸ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್ ಮೂಲಕ ಇಳಿಸಿಕೊಳ್ಳಲಿ. ಹಾಗೆಯೇ, ವಿಳಾಸದ ವ್ಯಾಪ್ತಿಗೆ ಯುಲಿಮಿಟ್ ಎಂಬ ಆದೇಶದಿಂದ ಮಿತಿ ಹಾಕಿದ ಯಂತ್ರಗಳಲ್ಲಿ ಎಸ್ಯಾನ್ ಪ್ರೋಗ್ರಾಂ ಶುರುವಾಗುವುದೇ ಇಲ್ಲ, ಏಕೆಂದರೆ ನೆರಳಿಗಾಗಿ ಟೆರಾಬೈಟ್‌ಗಟ್ಟಲೆ ವಿಳಾಸವನ್ನು ಅದು ಮೊದಲೇ ಕಾಯ್ದಿರಿಸುತ್ತದೆ. ಗಾಬರಿ ಬೇಡ, ಅದು ಬರೀ ವಿಳಾಸ, ನಿಜವಾದ ರ‍್ಯಾಮ್ ಅಲ್ಲ.

ಈಗ ಜನ ಎಡವುವ ಕಲ್ಲುಗಳು. ಆಯ್ಕೆಯನ್ನು ಕಂಪೈಲ್ ಹಂತಕ್ಕೆ ಕೊಟ್ಟು, ತುಣುಕುಗಳನ್ನೂ ಲೈಬ್ರರಿಗಳನ್ನೂ ಜೋಡಿಸುವ ಲಿಂಕ್ ಹಂತಕ್ಕೆ ಕೊಡದೆ ಬಿಡುವುದು ಮೊದಲನೆಯದು. ಆಗ ಎರಡು ಅಡಿಗೆರೆಗಳಿಂದ ಶುರುವಾಗುವ ಎಸ್ಯಾನ್ ಹೆಸರುಗಳು ಸಿಗುತ್ತಿಲ್ಲವೆಂಬ ದೂರುಗಳು ಪುಟಗಟ್ಟಲೆ ಬರುತ್ತವೆ. ತಪಾಸಣೆಯ ಕರೆಗಳನ್ನು ಕಂಪೈಲರ್ ಹೆಣೆದಿದೆ, ಉತ್ತರಿಸಬೇಕಾದ ಲೈಬ್ರರಿ ಜೊತೆಗೆ ಬಂದಿಲ್ಲ ಎಂದಷ್ಟೇ ಅದರ ಅರ್ಥ. ಎರಡೂ ಹಂತಕ್ಕೆ ಅದೇ ಆಯ್ಕೆ ಕೊಡಿ. ಲಿಂಕರ್ ಅನ್ನು ನೇರವಾಗಿ ಕರೆಯದೆ ಜಿಸಿಸಿ ಅಥವಾ ಕ್ಲ್ಯಾಂಗ್ ಮೂಲಕವೇ ಕರೆಯಿರಿ.

ಬಿಲ್ಡ್ ನಡೆಸಿಕೊಡುವ ಸಿಮೇಕ್ ಸಾಧನ ಬಳಸುವವರಿಗೆ ಇನ್ನೊಂದು. ಅದರ ‘ರೆಲ್‌ವಿತ್‌ಡೆಬ್‌ಇನ್ಫೋ’ ಬಗೆಯ ಬಿಲ್ಡ್ -ಜಿ ಕೊಡುತ್ತದೆ ನಿಜ, ಆದರೆ -ಓ2 ಮತ್ತು ಎನ್‌ಡೀಬಗ್ ವ್ಯಾಖ್ಯೆಯನ್ನೂ ಜೊತೆಗೆ ತರುತ್ತದೆ. ಎನ್‌ಡೀಬಗ್ ಇದ್ದರೆ ಕೋಡ್‌ನಲ್ಲಿ ಬರೆದ ಅಸರ್ಟ್‌ಗಳೆಲ್ಲ, ಎಂದರೆ ಷರತ್ತು ತಪ್ಪಿದರೆ ಪ್ರೋಗ್ರಾಂ ನಿಲ್ಲಿಸುವ ಸಾಲುಗಳೆಲ್ಲ, ಮಾಯ. ‘ಸೂಚ್ಯಂಕ ಏಳಕ್ಕಿಂತ ಕಡಿಮೆ ಇರಲೇಬೇಕು’ ಎಂದು ಸೀನಿಯರ್ ಪುಣ್ಯಾತ್ಮ ಅಸರ್ಟ್ ಬರೆದಿಟ್ಟಿದ್ದರೂ ಅದು ಹುಡುಕಾಟದ ಬಿಲ್ಡ್‌ನಲ್ಲೇ ಬಾಯಿ ಮುಚ್ಚಿದರೆ ಏನು ಪ್ರಯೋಜನ? ನನ್ನ ಒಲವು ಹೀಗೆ: ಸಿಮೇಕ್‌ನ ಸಿದ್ಧ ಬಗೆಗಳಲ್ಲಿ ಡೀಬಗ್ ಅನ್ನು ಆಯ್ದು, ಮೇಲಿನ ಆಯ್ಕೆಗಳನ್ನು ಅದಕ್ಕೆ ಸೇರಿಸಿ, ಬೇರೆಯೇ ಡೈರೆಕ್ಟರಿಯಲ್ಲಿ ಬಿಲ್ಡ್ ಮಾಡುವುದು. ಒಂದೇ ಡೈರೆಕ್ಟರಿಯಲ್ಲಿ ಆಯ್ಕೆ ಬದಲಿಸುತ್ತ ಕೂತರೆ ಹಳೆಯ ಆಬ್ಜೆಕ್ಟ್ ಫೈಲ್‌ಗಳು ಹೊಸದರ ಜೊತೆ ಬೆರೆತು, ಯಾವುದಕ್ಕೆ ತಪಾಸಣೆ ಇದೆ ಯಾವುದಕ್ಕೆ ಇಲ್ಲ ಎಂಬುದೇ ತಿಳಿಯದಂತಾಗುತ್ತದೆ.

ಉಬುಂಟುವಿನ ಜಿಸಿಸಿ ಆಪ್ಟಿಮೈಸೇಶನ್ ಇದ್ದಾಗ ಫೋರ್ಟಿಫೈ_ಸೋರ್ಸ್ ಎಂಬ ರಕ್ಷಣೆಯನ್ನು ತಾನಾಗಿ ಹಾಕುತ್ತದೆ. ದಿನನಿತ್ಯದ ಬಿಲ್ಡ್‌ಗೆ ಅದು ಒಳ್ಳೆಯದೇ. ಹುಡುಕಾಟದ ಬಿಲ್ಡ್‌ನಲ್ಲಿ ಮಾತ್ರ ಮೆಮ್‌ಕಾಪಿಯಂಥ ಕರೆಗಳನ್ನು ಅದು ತನ್ನ ಹೆಸರಿನವಕ್ಕೆ ತಿರುಗಿಸುವುದರಿಂದ ಕೆಲವು ದೋಷಗಳು ಎಸ್ಯಾನ್ ಕಣ್ಣು ತಪ್ಪಿಸಬಹುದು. -ಯು ಆಯ್ಕೆಯಿಂದ ಅದನ್ನು ತೆಗೆದುಹಾಕಿ. ಸಿ++ ಬರೆಯುವವರಿಗೆ ಜಿಲಿಬ್‌ಸಿಎಕ್ಸ್‌ಎಕ್ಸ್_ಡೀಬಗ್ ಎಂಬ ವ್ಯಾಖ್ಯೆಯೂ ಇದೆ, ವೆಕ್ಟರ್ ಮುಂತಾದವುಗಳ ಗಡಿಯನ್ನೂ ಇಟರೇಟರ್‌ಗಳನ್ನೂ ಕಾಯುತ್ತದೆ. ಆದರೆ ಅದು ವೆಕ್ಟರ್‌ನ ಗಾತ್ರವನ್ನೇ ಬದಲಿಸಿಬಿಡುತ್ತದೆ. ಅರ್ಧ ಕೋಡ್ ಇದರೊಂದಿಗೆ, ಅರ್ಧ ಇದಿಲ್ಲದೆ ಕಂಪೈಲ್ ಆದರೆ ಇಲ್ಲದ ಮೆಮರಿ ದೋಷ ಹೊಸದಾಗಿ ಹುಟ್ಟುತ್ತದೆ. ಜಿಲಿಬ್‌ಸಿಎಕ್ಸ್‌ಎಕ್ಸ್_ಅಸರ್ಷನ್ಸ್ ಎಂಬ ಸೌಮ್ಯ ರೂಪಕ್ಕೆ ಆ ಉಪದ್ರವವಿಲ್ಲ. ಹೆಚ್ಚಿನವರಿಗೆ ಅದೇ ಸಾಕು.

ಎಸ್ಯಾನ್ ಕಾಣದ ದೋಷಗಳೂ ಇವೆ. ಬೆಲೆ (ವ್ಯಾಲ್ಯೂ) ತುಂಬದ ವೇರಿಯಬಲ್ ಅನ್ನು ಓದುವುದು ಅವುಗಳಲ್ಲಿ ಮುಖ್ಯ. ನಮ್ಮ ಪ್ರೋಗ್ರಾಂ ಹನ್ನೊಂದಕ್ಕೆ ಜಾಗ ಪಡೆದು, ಫೈಲ್‌ನಲ್ಲಿ ಹತ್ತೇ ಸಾಲುಗಳಿದ್ದರೆ, ಹನ್ನೊಂದನೆಯ ಜಾಗದಲ್ಲಿ ಹಿಂದೆ ಯಾರೋ ಬಿಟ್ಟುಹೋದ ಕಸ ಮೊತ್ತಕ್ಕೆ ಸೇರುತ್ತದೆ. ಜಾಗ ನಮ್ಮದೇ, ಆದ್ದರಿಂದ ಎಸ್ಯಾನ್ ಸುಮ್ಮನಿರುತ್ತದೆ. ಇದಕ್ಕೆ ಕ್ಲ್ಯಾಂಗ್‌ನಲ್ಲಿ ಮೆಮರಿಸ್ಯಾನಿಟೈಸರ್ ಇದೆ, ಜಿಸಿಸಿಯಲ್ಲಿ ಇಲ್ಲ. ಅದರ ಷರತ್ತು ಕಠಿಣ: ಪ್ರೋಗ್ರಾಂನ ಎಲ್ಲ ಕೋಡ್, ಸಿ++ ಲೈಬ್ರರಿಯೂ ಸೇರಿ, ಅದೇ ಆಯ್ಕೆಯೊಂದಿಗೆ ಬಿಲ್ಡ್ ಆಗಿರಬೇಕು. ಇಲ್ಲದಿದ್ದರೆ ಹೊರಗಿನ ಲೈಬ್ರರಿ ತುಂಬಿಕೊಟ್ಟ ಬೆಲೆಯನ್ನೂ ‘ತುಂಬಿಲ್ಲ’ ಎಂದು ಸುಳ್ಳು ದೂರು ಹೇಳುತ್ತದೆ. ವಿದ್ಯಾರ್ಥಿಗೆ ಇದು ಬೇಡದ ಕಸರತ್ತು.

ಅವನಿಗೆ ವಾಲ್‌ಗ್ರಿಂಡ್ ಸಾಕು. 2002ರಲ್ಲಿ ಜೂಲಿಯನ್ ಸೀವಾರ್ಡ್ ಬಿಡುಗಡೆ ಮಾಡಿದ ಈ ಸಾಧನ ಬಿಲ್ಡ್ ಅನ್ನು ಮುಟ್ಟುವುದೇ ಇಲ್ಲ. ಪ್ರೋಗ್ರಾಂ ಅನ್ನು ತನ್ನ ಕೃತಕ ಪ್ರೊಸೆಸರ್ ಮೇಲೆ ಓಡಿಸಿ, ಪ್ರತಿ ಬಿಟ್‌ಗೂ ಬೆಲೆ ಬಂದಿದೆಯೇ ಎಂದು ಲೆಕ್ಕ ಇಡುತ್ತದೆ. -ಜಿ ಮತ್ತು -ಓ0 ಅಥವಾ -ಓ1 ಇದ್ದರೆ ವರದಿ ಶುದ್ಧವಾಗಿರುತ್ತದೆ. -ಓ2ರಲ್ಲಿ ಕೆಲವೊಮ್ಮೆ ಇಲ್ಲದ ದೂರು ಏಳುತ್ತದೆ. ಇಪ್ಪತ್ತು ಮೂವತ್ತು ಪಟ್ಟು ನಿಧಾನವಾಗುವುದು ಸಹಜ. ಆದರೆ ಸ್ಟ್ಯಾಕ್‌ನಲ್ಲಿರುವ (ಮಾಲಾಕ್ ಇಲ್ಲದೆ ಫಂಕ್ಷನ್ ಒಳಗೇ ಜಾಗ ಪಡೆದ) ಅರೇಯ ಗಡಿ ದಾಟಿದ್ದು ಅದಕ್ಕೆ ಗೊತ್ತಾಗುವುದಿಲ್ಲ. ಕಂಪೈಲರ್ ಬದು ಹಾಕದ ಮೇಲೆ ಒಂದು ವೇರಿಯಬಲ್ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತೆಂದು ಹೊರಗಿನವರಿಗೆ ತಿಳಿಯುವುದಾದರೂ ಹೇಗೆ? ಎಸ್ಯಾನ್ ಬಿಲ್ಡ್ ಅನ್ನೇ ವಾಲ್‌ಗ್ರಿಂಡ್ ಕೆಳಗೆ ಓಡಿಸುವ ಆಸೆ ಬೇಡ. ಎರಡೂ ಮೆಮರಿಯ ಯಜಮಾನಿಕೆಗೆ ಕಿತ್ತಾಡುತ್ತವೆ. ಥ್ರೆಡ್‌ಗಳ ಪೈಪೋಟಿ ಹಿಡಿಯುವ ಥ್ರೆಡ್‌ಸ್ಯಾನಿಟೈಸರ್‌ಗೂ ಎಸ್ಯಾನ್‌ಗೂ ಒಂದೇ ಬಿಲ್ಡ್‌ನಲ್ಲಿ ಜಾಗವಿಲ್ಲ. ಅನಿರ್ದಿಷ್ಟ ನಡವಳಿಕೆಯನ್ನು ಹಿಡಿಯುವ ಯುಬಿಸ್ಯಾನ್ ಮಾತ್ರ ಎಸ್ಯಾನ್ ಜೊತೆ ಹೊಂದಿಕೊಳ್ಳುತ್ತದೆ, ಅಲ್ಪವಿರಾಮ ಹಾಕಿ ಎರಡನ್ನೂ ಬರೆಯಬಹುದು.

ಬೆಲೆ ತುಂಬದ ಮೆಮರಿಯ ವಿಷಯ ಬಂದಾಗ ಡೆಬಿಯನ್ ಎಂಬ ಲಿನಕ್ಸ್ ವಿತರಣೆಯ 2008ರ ಪ್ರಕರಣವನ್ನು ಹೇಳದೆ ಇರಲಾರೆ. ಓಪನ್‌ಎಸ್‌ಎಸ್‌ಎಲ್ ಲೈಬ್ರರಿಯ ಯಾದೃಚ್ಛಿಕ ಸಂಖ್ಯೆಗಳ ಕೋಡ್ ಬಗ್ಗೆ ವಾಲ್‌ಗ್ರಿಂಡ್ ಮತ್ತು ಪ್ಯೂರಿಫೈ ಸಾಧನಗಳು ‘ಬೆಲೆ ತುಂಬದ ಮೆಮರಿ’ ಎಂದು ದೂರುತ್ತಿದ್ದವು. 2006ರಲ್ಲಿ ಡೆಬಿಯನ್‌ನಲ್ಲಿ ದೂರು ನಿಲ್ಲಲೆಂದು ಎರಡು ಸಾಲುಗಳನ್ನು ತೆಗೆದರು. ಅವುಗಳಲ್ಲಿ ಒಂದು, ಹೊರಗಿನಿಂದ ಬಂದ ಯಾದೃಚ್ಛಿಕತೆಯನ್ನು ಕಲಸುವ ಮುಖ್ಯ ಸಾಲೇ ಆಗಿತ್ತು. ಫಲವಾಗಿ ಕೀಲಿಗಳ ಬೀಜದಲ್ಲಿ ಬದಲಾಗುವುದು ಪ್ರೋಸೆಸ್ ಸಂಖ್ಯೆಯೊಂದೇ ಆಯಿತು, ಎಂದರೆ ಹೆಚ್ಚೆಂದರೆ 32,768 ಸಾಧ್ಯತೆಗಳು. ಲೂಸಿಯಾನೊ ಬೆಲ್ಲೊ ಕಂಡುಹಿಡಿಯುವವರೆಗೆ ಸುಮಾರು ಎರಡು ವರ್ಷ ದುರ್ಬಲ ಕೀಲಿಗಳು ಲೋಕದ ತುಂಬ ಹಂಚಿಹೋದವು. ಸ್ವಾರಸ್ಯವೆಂದರೆ ಓಪನ್‌ಎಸ್‌ಎಸ್‌ಎಲ್ ಕೋಡ್‌ನಲ್ಲಿ ಇದಕ್ಕೆಂದೇ ಪ್ಯೂರಿಫೈ ಎಂಬ ಬಿಲ್ಡ್ ವ್ಯಾಖ್ಯೆ ಮೊದಲಿನಿಂದಲೂ ಇತ್ತು. ಅದನ್ನು ಹಾಕಿದರೆ ದೂರು ಹುಟ್ಟಿಸುವ ಅನಗತ್ಯ ಸಾಲು ಮಾತ್ರ, ಹುಡುಕಾಟದ ಬಿಲ್ಡ್‌ನಲ್ಲಿ ಮಾತ್ರ, ಸುಮ್ಮನಾಗುತ್ತಿತ್ತು.

ದೊಡ್ಡ ತಂತ್ರಾಂಶಗಳಲ್ಲಿ ಇಂಥ ತಮ್ಮದೇ ಆಯ್ಕೆಗಳು ಇರುತ್ತವೆ, ಹುಡುಕಾಟಕ್ಕೆ ಇಳಿಯುವ ಮೊದಲು ಅವನ್ನು ನೋಡಬೇಕು. ಪೈಥಾನ್ ಭಾಷೆಗೆ ಸಿ ವಿಸ್ತರಣೆ ಬರೆಯುವವರ ಸ್ಥಿತಿ ನೋಡಿ. ಪೈಥಾನ್ 512 ಬೈಟ್‌ವರೆಗಿನ ಸಣ್ಣ ತುಂಡುಗಳನ್ನು ಮಾಲಾಕ್‌ಗೆ ಕೇಳುವುದಿಲ್ಲ. ಒಂದು ದೊಡ್ಡ ತುಂಡು ತಂದು ತಾನೇ ಹಂಚುತ್ತದೆ. ಅದರ ಒಳಗಿನ ಸಣ್ಣ ತುಂಡುಗಳ ನಡುವೆ ಎಸ್ಯಾನ್‌ನ ಬದುಗಳೇ ಇಲ್ಲ. ಪೈಥಾನ್ 3.6ರಿಂದ ಈಚೆಗೆ ಪೈಥಾನ್‌ಮಾಲಾಕ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ ಮಾಲಾಕ್ ಎಂದು ಬೆಲೆ ಕೊಟ್ಟರೆ ಈ ಹಂಚಿಕೆ ನಿಂತು ಪ್ರತಿ ತುಂಡೂ ನೇರವಾಗಿ ಎಸ್ಯಾನ್ ಕೈಗೆ ಬರುತ್ತದೆ. ಪೈಥಾನ್ ಅನ್ನೇ ಬಿಲ್ಡ್ ಮಾಡುವವರಿಗೆ ಕಾನ್ಫಿಗರ್ ಹಂತದಲ್ಲಿ ವಿತ್-ಪೈಡೀಬಗ್, ವಿದೌಟ್-ಪೈಮಾಲಾಕ್, ವಿತ್-ಅಡ್ರೆಸ್-ಸ್ಯಾನಿಟೈಸರ್ ಇವೆ. ಲಿನಕ್ಸ್ ಕರ್ನಲ್‌ಗೂ 2015ರ 4.0 ಆವೃತ್ತಿಯಿಂದ ಕೆಸ್ಯಾನ್ ಎಂಬ ತನ್ನದೇ ಎಸ್ಯಾನ್ ಇದೆ, ಕಾನ್ಫಿಗ್ ಫೈಲ್‌ನಲ್ಲಿ ಹೌದು ಎನ್ನಬೇಕು. ವಿಂಡೋಸ್‌ನಲ್ಲಿ ವಿಷುಯಲ್ ಸ್ಟುಡಿಯೋ 2019ರ 16.9ನೆಯ ಆವೃತ್ತಿಯಿಂದ ಎಸ್ಯಾನ್ ಸಿಗುತ್ತದೆ.

ಸೋರಿಕೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಲಿನಕ್ಸ್‌ನಲ್ಲಿ ಎಸ್ಯಾನ್ ಜೊತೆಗೇ ಲೀಕ್‌ಸ್ಯಾನಿಟೈಸರ್ ಬರುತ್ತದೆ, ಪ್ರೋಗ್ರಾಂ ಮುಗಿದಾಗ ಹಿಂದಿರುಗಿಸದೆ ಬಿಟ್ಟ ತುಂಡುಗಳ ಪಟ್ಟಿ ಕೊಡುತ್ತದೆ. ಜಿಡಿಬಿ ಡೀಬಗರ್ ಒಳಗೆ ಅದು ಕೆಲಸ ಮಾಡುವುದಿಲ್ಲ, ಇಬ್ಬರಿಗೂ ಬೇಕಾದ ಪಿಟ್ರೇಸ್ ಸವಲತ್ತು (ಓಡುವ ಪ್ರೋಗ್ರಾಂ ಅನ್ನು ಹೊರಗಿನಿಂದ ತಡೆದು ನೋಡುವುದು) ಒಂದು ಸಲಕ್ಕೆ ಒಬ್ಬರಿಗೇ ಸಿಗುವುದು. ಆಗ ಎಸ್ಯಾನ್_ಆಪ್ಷನ್ಸ್‌ನಲ್ಲಿ ಡಿಟೆಕ್ಟ್_ಲೀಕ್ಸ್ ಅನ್ನು 0 ಮಾಡಿ, ಅಬಾರ್ಟ್_ಆನ್_ಎರರ್ ಅನ್ನು 1 ಮಾಡಿದರೆ ದೋಷ ಸಿಕ್ಕ ಜಾಗದಲ್ಲೇ ಜಿಡಿಬಿ ನಿಲ್ಲುತ್ತದೆ.

ಕೊನೆಗೆ ಗಂಜ್‌ನ ಅಡತಿ ಅಂಗಡಿಗೆ ಹೋಗುವ ಪ್ರತಿಯ ಮಾತು. ಎಸ್ಯಾನ್ ಬಿಲ್ಡ್ ಅನ್ನು ಅಲ್ಲಿಗೆ ಕೊಡಬಾರದು. ಅದು ನಿಧಾನ, ಮೆಮರಿ ನುಂಗುತ್ತದೆ, ಅದನ್ನು ರಕ್ಷಣೆಗಾಗಿ ಕಟ್ಟಿದ್ದೂ ಅಲ್ಲ. ಕೊಡಬೇಕಾದದ್ದು -ಓ2, -ಜಿ, ಫೋರ್ಟಿಫೈ_ಸೋರ್ಸ್ ಮೂರೂ ಇರುವ ಬಿಲ್ಡ್. ಆಬ್ಜ್‌ಕಾಪಿ ಬಳಸಿ ಡೀಬಗ್ ಮಾಹಿತಿಯನ್ನು ಬೇರೆ ಫೈಲ್‌ಗೆ ತೆಗೆದು ನಮ್ಮಲ್ಲೇ ಇಟ್ಟುಕೊಂಡು, ಉಳಿದ ಸಣ್ಣ ಫೈಲ್ ಅನ್ನು ಕಳಿಸಬಹುದು. ಅಂಗಡಿಯಲ್ಲಿ ಪ್ರೋಗ್ರಾಂ ಬಿದ್ದು ಕೋರ್ ಫೈಲ್ (ಬಿದ್ದ ಕ್ಷಣದ ಮೆಮರಿಯ ಪ್ರತಿ) ಬಂದರೆ, ಇಟ್ಟುಕೊಂಡ ಮಾಹಿತಿಯ ಜೊತೆ ಜಿಡಿಬಿಗೆ ಕೊಟ್ಟಾಗ ಬಿದ್ದ ಸಾಲು ತಿಳಿಯುತ್ತದೆ. ಅಲ್ಲಿ ಓದುತ್ತಿದ್ದ ಡೇಟಾ ಫೈಲ್‌ನ ಪ್ರತಿಯನ್ನೂ ಕೇಳಿ ತರಿಸಿಕೊಳ್ಳಿ. ಎಸ್ಯಾನ್ ಬಿಲ್ಡ್‌ಗೆ ಉಣಿಸಬೇಕಾದದ್ದು ಅದನ್ನೇ.